ಉಂಡ ಮನೆಯ ಜಂತೆ ಎಣಿಸಿದವನು

ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಹಿರಿಯರು ಹಾಕಿಕೊಟ್ಟ ನೀತಿ. ಅನ್ನವಿಕ್ಕಿದವರ ಮಾಡಿನ ಹುಳುಕನ್ನು ಹುಡುಕುತ್ತ ಕುಳಿತವನು ಕೃತಘ್ನನೆಂಬುದು ಅದರ ಭಾವ. ನೀತಿಯೇನೋ ಒಳ್ಳೆಯದೇ. ಆದರೆ ಆ ಮಾಡು ಕುಸಿದು ಬಡವರ ತಲೆಯ ಮೇಲೆ ಬೀಳುತ್ತಿರುವಾಗ ಜಂತೆಗಳ ಲೆಕ್ಕವನ್ನು ಹೇಳಬೇಕಾದವರು ಯಾರು? ಬೀದಿಯಲ್ಲಿ ನಿಂತವನಿಗೆ ಅವು ಕಾಣುವುದಿಲ್ಲ. ಒಳಗೆ ಕುಳಿತು ಉಂಡವನಿಗೆ ಮಾತ್ರ ಕಾಣುತ್ತವೆ. ಉಂಡವನೋ, ನೀತಿಗೆ ಅಂಜಿಯೋ ಮುಂದಿನ ತುತ್ತಿಗೆ ಅಂಜಿಯೋ, ತಲೆ ತಗ್ಗಿಸಿಯೇ ಏಳುತ್ತಾನೆ. ಹಾಗೆ ತಲೆ ತಗ್ಗಿಸಲಾರದೆ ಹೋದ ಒಬ್ಬ ಸರಕಾರಿ ಅಧಿಕಾರಿಯ ಬಾಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ. ಅವನ ಹೆಸರು ಎಡ್ವರ್ಡ್ ಡೌವೆಸ್ ಡೆಕ್ಕರ್. ಲೋಕವು ಅವನನ್ನು ಅರಿತಿರುವುದು ಮುಲ್ತಾತುಲಿ ಎಂಬ ಕಾವ್ಯನಾಮದಿಂದ. ಲ್ಯಾಟಿನ್ ಭಾಷೆಯ ಎರಡು ಪದಗಳನ್ನು ಕೂಡಿಸಿ ಅವನೇ ಮಾಡಿಕೊಂಡ ಹೆಸರು ಅದು. ತಾನು ಹೊತ್ತದ್ದು ಬಹಳ ಎಂಬುದು ಅದರ ಅರ್ಥ.

ಡೆಕ್ಕರನು ಹುಟ್ಟಿದ್ದು ಆಮ್‌ಸ್ಟರ್‌ಡಾಮ್ ನಗರದಲ್ಲಿ, ೧೮೨೦ನೆಯ ಇಸವಿ ಮಾರ್ಚ್ ೨ರಂದು. ತಂದೆ ಹಡಗಿನ ಕಪ್ತಾನ. ಮಗನನ್ನು ಪಾದ್ರಿಯನ್ನಾಗಿ ಮಾಡಬೇಕೆಂಬ ಮನೆಯವರ ಆಸೆ ಕೈಗೂಡಲಿಲ್ಲ. ಹುಡುಗನಿಗೆ ಓದಿನಲ್ಲಿ ಮನಸ್ಸು ನಿಲ್ಲಲಿಲ್ಲ. ಬಟ್ಟೆಯ ವ್ಯಾಪಾರಿಯೊಬ್ಬನ ಕಚೇರಿಯಲ್ಲಿಯೂ ನಿಲ್ಲಲಿಲ್ಲ. ಕಡೆಗೆ ೧೮೩೮ರಲ್ಲಿ ತಂದೆಯ ಹಡಗನ್ನೇ ಹತ್ತಿ ಹೊರಟು ಮರುವರ್ಷದ ಆರಂಭದಲ್ಲಿ ಇಂದು ಜಕಾರ್ತ ಎನಿಸಿರುವ ಬಟೇವಿಯಾ ನಗರದಲ್ಲಿ ಇಳಿದನು. ಡಚ್ ಸರಕಾರದ ಲೆಕ್ಕ ತಪಾಸಣೆಯ ಕಚೇರಿಯಲ್ಲಿ ಅವನಿಗೆ ಗುಮಾಸ್ತೆಯ ಕೆಲಸ ದೊರೆಯಿತು.

ಲೆಕ್ಕದ ಕಚೇರಿಯಲ್ಲಿ ಪಳಗಿದವನು ಲೆಕ್ಕದಲ್ಲಿಯೇ ಎಡವಿದುದು ವಿಚಿತ್ರ. ೧೮೪೨ರಲ್ಲಿ ಅವನನ್ನು ಸುಮಾತ್ರಾ ದ್ವೀಪದ ಪಶ್ಚಿಮ ತೀರದ ನಟಾಲ್ ಎಂಬ ಊರಿಗೆ ಅಧಿಕಾರಿಯನ್ನಾಗಿ ಕಳುಹಿಸಿದರು. ಅಲ್ಲಿ ಖಜಾನೆಯ ಹಣ ಕಡಿಮೆ ಬಿದ್ದಿತು. ಪಡಾಂಗಿನಲ್ಲಿದ್ದ ಜನರಲ್ ಮಿಖೀಲ್ಸನು ಅವನನ್ನು ಕೆಲಸದಿಂದ ಅಮಾನತಿನಲ್ಲಿರಿಸಿದನು. ತಿಂಗಳುಗಟ್ಟಲೆ ಸಂಬಳವಿಲ್ಲದೆ, ಊಟಕ್ಕೂ ಪರದಾಡುತ್ತ ಅವನು ಆ ಊರಿನಲ್ಲಿ ಬಿದ್ದಿದ್ದನು. ಕದ್ದವನೆಂದು ಅವನನ್ನು ಯಾರೂ ಸಾಧಿಸಲಿಲ್ಲ. ಅಜಾಗರೂಕನೆಂಬುದರಲ್ಲಿ ಮಾತ್ರ ಸಂದೇಹವಿರಲಿಲ್ಲ. ಕಡಿಮೆ ಬಿದ್ದುದನ್ನು ತುಂಬಿಕೊಟ್ಟು ಮತ್ತೆ ನೌಕರಿಗೆ ಸೇರಿದನು. ಈ ಪ್ರಸಂಗವನ್ನು ಮುಚ್ಚಿಡದೆ ಹೇಳಬೇಕಾಗಿದೆ, ಏಕೆಂದರೆ ಮುಂದೆ ಅವನು ಪರರ ಲೆಕ್ಕ ಕೇಳಲು ನಿಂತಾಗ ಎದುರಾಳಿಗಳು ಮೊದಲು ತೆರೆದುದು ಈ ಹಳೆಯ ಕಡತವನ್ನೇ. ಸತ್ಯವನ್ನು ಹೇಳುವವನ ಕೈ ತೊಳೆದಿಟ್ಟಂತೆ ಶುಭ್ರವಾಗಿರಬೇಕೆಂದು ಲೋಕವು ಬಯಸುತ್ತದೆ. ಸುಳ್ಳು ಹೇಳುವವನ ಕೈಯನ್ನು ಅಷ್ಟಾಗಿ ಪರೀಕ್ಷಿಸುವುದಿಲ್ಲ.

೧೮೪೬ರಲ್ಲಿ ಅವನ ವಿವಾಹವಾಯಿತು. ವಧು ಎವರ್‌ದೀನ್ ಫಾನ್ ವೈನ್‌ಬರ್ಗನ್. ಕುಲೀನ ಮನೆತನದವಳು, ಆದರೆ ಅನಾಥೆ. ಗಂಡನು ಅವಳನ್ನು ಟೀನೆ ಎಂದು ಕರೆಯುತ್ತಿದ್ದನು. ಮೆನಾಡೋ, ಅಂಬೋನ್ ಮೊದಲಾದ ದೂರದ ದ್ವೀಪಗಳಲ್ಲಿ ಕೆಲಸ ಮಾಡಿ, ಆರೋಗ್ಯ ಕೆಟ್ಟು, ರಜೆಯ ಮೇಲೆ ಹಾಲೆಂಡಿಗೆ ಹೋಗಿ, ಅಲ್ಲಿ ಸಾಲ ಮಾಡಿಕೊಂಡು, ೧೮೫೫ರಲ್ಲಿ ಹೆಂಡತಿಯೊಡನೆಯೂ ಎಳೆಯ ಮಗನೊಡನೆಯೂ ಅವನು ಜಾವಾಕ್ಕೆ ಹಿಂದಿರುಗಿದನು. ಆಗ ಅವನಿಗೆ ೩೫ ವರ್ಷ. ಹದಿನಾರು ವರ್ಷಗಳ ಹಿಂದೆ ಸೇರಿದ ನೌಕರಿ. ಸಾಲ ತೀರಬೇಕಾಗಿದ್ದರೆ, ಸಂಸಾರ ನಿಲ್ಲಬೇಕಾಗಿದ್ದರೆ, ಇನ್ನು ಮೇಲೇರುವುದೊಂದೇ ದಾರಿಯಾಗಿದ್ದಿತು.

ಆ ಕಾಲದ ಜಾವಾದ ಆಡಳಿತವನ್ನು ತುಸು ತಿಳಿಯದೆ ಮುಂದಿನ ಕಥೆ ಅರ್ಥವಾಗದು. ೧೮೩೦ರಲ್ಲಿ ಗೌರ್ನರ್ ಜನರಲ್ ಫಾನ್ ಡೆನ್ ಬಾಸನು ಅಲ್ಲಿ ಕಡ್ಡಾಯ ಬೆಳೆಯ ಪದ್ಧತಿಯನ್ನು ಆರಂಭಿಸಿದ್ದನು. ಹಳ್ಳಿಯವರು ತಮ್ಮ ನೆಲದ ಐದನೆಯ ಒಂದು ಪಾಲಿನಲ್ಲಿ ಸರಕಾರಕ್ಕೆ ಬೇಕಾದ ಕಬ್ಬು, ನೀಲಿ, ಕಾಫಿಗಳನ್ನು ಬೆಳೆದುಕೊಡಬೇಕು. ಕಾಗದದ ಮೇಲೆ ಐದನೆಯ ಒಂದು. ನಡೆವಳಿಕೆಯಲ್ಲಿ ಎಷ್ಟೋ ಕಡೆ ಅದಕ್ಕಿಂತ ಹೆಚ್ಚು. ಬೆಳೆದ ಬೆಳೆಯ ಮೇಲೆ ಡಚ್ ಅಧಿಕಾರಿಗಳಿಗೂ ದೇಶೀಯ ಒಡೆಯರಿಗೂ ಶೇಕಡಾವಾರು ಇನಾಮು. ಹೆಚ್ಚು ಹಿಂಡಿದಷ್ಟು ಹೆಚ್ಚು ಗಳಿಕೆ ಎಂಬ ಏರ್ಪಾಡು ಇದು. ಇದರಲ್ಲಿ ಕರುಣೆಗೆ ಎಡೆಯೆಲ್ಲಿ? ಭತ್ತದ ಗದ್ದೆಗಳು ಪಾಳುಬಿದ್ದು ೧೮೪೮ರಿಂದ ೫೦ರವರೆಗೆ ಮಧ್ಯ ಜಾವಾದ ಡೆಮಾಕ್, ಗ್ರೋಬೋಗನ್ ಸೀಮೆಗಳಲ್ಲಿ ಘೋರ ಕ್ಷಾಮ ತಲೆದೋರಿತು. ಅತ್ತ ೧೮೩೧ರಿಂದ ೧೮೭೭ರವರೆಗೆ ಹಾಲೆಂಡಿನ ಬೊಕ್ಕಸಕ್ಕೆ ಈ ದ್ವೀಪಗಳಿಂದ ಹರಿದುಹೋದ ಮಿಗತೆ ೮೦ ಕೋಟಿ ಗಿಲ್ಡರುಗಳಿಗೂ ಮೇಲ್ಪಟ್ಟದ್ದು. ಆ ಹಣದಿಂದ ಹಾಲೆಂಡಿನ ಸಾಲ ತೀರಿತು. ಅಲ್ಲಿ ರೈಲುಹಾದಿಗಳು ಬಂದುವು. ಜಾವಾದಲ್ಲಿ ಹೀಗೆ ಬೆವರು ಹರಿಸಿದ ಕಾಫಿಯ ಮೊದಲ ಸಸಿಗಳನ್ನು ೧೭ನೆಯ ಶತಮಾನದ ಕೊನೆಯಲ್ಲಿ ಡಚ್ಚರು ಒಯ್ದದ್ದು ನಮ್ಮ ನೆರೆಯ ಮಲಬಾರಿನ ತೀರದಿಂದ ಎಂಬುದನ್ನು ಕಾಫಿಪ್ರಿಯರಾದ ನಮ್ಮ ವಾಚಕರು ನೆನೆಯಬಹುದು.

ಡಚ್ಚರು ಹಳ್ಳಿಗರನ್ನು ನೇರವಾಗಿ ಆಳುತ್ತಿರಲಿಲ್ಲ. ಹಳೆಯ ಒಡೆಯರ ಮನೆತನಗಳನ್ನೇ ಉಳಿಸಿಕೊಂಡು ಅವರ ಕೈಯಿಂದ ಆಳಿಸುತ್ತಿದ್ದರು. ಇಂಥ ಒಡೆಯನಿಗೆ ಡಚ್ಚರು ಇಟ್ಟ ಹೆಸರು ರೀಜೆಂಟ್. ಜನರ ಬಾಯಲ್ಲಿ ಅವನು ಬುಪಾತಿ, ಎಂದರೆ ನಮ್ಮ ಭೂಪತಿ. ಅವನ ಪಕ್ಕದಲ್ಲಿ ಡಚ್ ಅಸಿಸ್ಟೆಂಟ್ ರೆಸಿಡೆಂಟ್. ಇಬ್ಬರ ಮೇಲೆ ರೆಸಿಡೆಂಟ್. ನಮ್ಮ ಮೈಸೂರಿನಲ್ಲಿದ್ದ ರೆಸಿಡೆಂಟನಂತೆ ರಾಯಭಾರಿಯಾಗಿರದೆ, ಈ ರೆಸಿಡೆಂಟನು ಜಿಲ್ಲೆಯ ಕಲೆಕ್ಟರನಿದ್ದ ಹಾಗೆ. ಡಚ್ ಅಧಿಕಾರಿಯು ರೀಜೆಂಟನನ್ನು ತಮ್ಮನಂತೆ ಕಾಣಬೇಕೆಂಬುದು ಸರಕಾರದ ಉಪದೇಶ. ಅದೇ ಅಧಿಕಾರಿಯು ಕೆಲಸಕ್ಕೆ ಸೇರುವಾಗ, ದೇಶೀಯ ಪ್ರಜೆಗಳನ್ನು ದಬ್ಬಾಳಿಕೆಯಿಂದಲೂ ಸುಲಿಗೆಯಿಂದಲೂ ಕಾಪಾಡುವೆನೆಂದು ಪ್ರಮಾಣವನ್ನೂ ಮಾಡಬೇಕು. ತಮ್ಮನೇ ಸುಲಿಯುವವನಾದರೆ ಅಣ್ಣನು ಏನು ಮಾಡಬೇಕು? ಉಳಿದವರು ಈ ಪ್ರಶ್ನೆಯನ್ನು ಕೇಳಿಕೊಳ್ಳುತ್ತಿರಲಿಲ್ಲ. ಪ್ರಮಾಣವು ಬಾಯಿಯ ಮಾತು, ಉಪದೇಶವು ಕೆಲಸದ ಮಾತು ಎಂದು ಎಲ್ಲರೂ ಅರಿತಿದ್ದರು. ಡೆಕ್ಕರನು ಅರಿಯಲಿಲ್ಲ, ಅಥವಾ ಅರಿತೂ ಒಪ್ಪಲಿಲ್ಲ.

೧೮೫೬ರ ಜನವರಿಯಲ್ಲಿ ಅವನು ಜಾವಾದ ಪಶ್ಚಿಮದ ಮೂಲೆಯಲ್ಲಿರುವ ಲೆಬಾಕ್ ಸೀಮೆಗೆ ಅಸಿಸ್ಟೆಂಟ್ ರೆಸಿಡೆಂಟನಾಗಿ ಬಂದನು. ರಂಕಸ್‌ಬಿಟುಂಗ್ ಅದರ ಮುಖ್ಯ ಸ್ಥಳ. ಈ ನೇಮಕವನ್ನು ಮಾಡಿದವನು ಸ್ವತಃ ಗೌರ್ನರ್ ಜನರಲ್ ಡೈಮರ್ ಫಾನ್ ಟ್ವಿಸ್ಟ್. ಬಡವರ ಮೇಲೆ ಮರುಕವುಳ್ಳವನೆಂದು ಡೆಕ್ಕರನನ್ನು ಅವನು ಬಲ್ಲನು. ಲೆಬಾಕ್ ಗುಡ್ಡಗಾಡಿನ ಬಡ ಸೀಮೆ. ಸರಕಾರದ ಬೆಳೆ ಅಲ್ಲಿ ಹೆಚ್ಚಿಲ್ಲ. ಆದುದರಿಂದ ರೀಜೆಂಟನಿಗೆ ಬರುವ ಇನಾಮೂ ಅಲ್ಪ. ರೀಜೆಂಟನು ರಾದೆನ್ ಅಧಿಪತಿ ಕರ್ತ ನತ ನಗರ. ಹೆಸರಿನಲ್ಲಿಯೇ ಸಂಸ್ಕೃತದ ಗತವೈಭವ ತುಂಬಿದ ಈ ವೃದ್ಧನು ಎಷ್ಟೋ ವರ್ಷಗಳಿಂದ ಆ ಪದವಿಯಲ್ಲಿದ್ದನು. ದೊಡ್ಡ ಪರಿವಾರ, ಸಣ್ಣ ವರಮಾನ. ನಡುವಿನ ಕೊರತೆಯನ್ನು ತುಂಬುತ್ತಿದ್ದವರು ಹಳ್ಳಿಯವರು. ರೀಜೆಂಟನ ಅಂಗಳದ ಹುಲ್ಲು ಕೀಳಲು ನೂರಾರು ಜನ ದೂರದ ಹಳ್ಳಿಗಳಿಂದ ಬಿಟ್ಟಿ ಚಾಕರಿಗೆ ಬರಬೇಕು. ಆ ದಿನಗಳಲ್ಲಿ ಅವರ ಗದ್ದೆಯನ್ನು ಉಳುವವರಿಲ್ಲ. ಅವನ ಅಡುಗೆಮನೆಗೆ ಬೇಕಾದ ಕೋಣಗಳನ್ನು ಬೆಲೆ ಕೊಡದೆ ಹಿಡಿದು ತರಬೇಕು. ಪರಾಂಗ್ ಕುಜಾಂಗ್ ಹೋಬಳಿಯ ದೆಮಾಂಗ್, ಎಂದರೆ ಹೋಬಳಿಯ ಅಧಿಕಾರಿ, ರೀಜೆಂಟನ ಅಳಿಯ. ಈ ಕೆಲಸದಲ್ಲಿ ಅವನು ಎಲ್ಲರಿಗಿಂತ ಮುಂದು. ತಾಳಲಾರದವರು ಸುಂಡಾ ಜಲಸಂಧಿಯನ್ನು ದಾಟಿ ಸುಮಾತ್ರಾದ ಲಾಂಪುಂಗಿಗೆ ಓಡಿಹೋಗುತ್ತಿದ್ದರು.

ಡೆಕ್ಕರನಿಗಿಂತ ಮುಂಚೆ ಅಲ್ಲಿದ್ದ ಕಾರೊಲುಸ್ ಎಂಬ ಅಧಿಕಾರಿಯು ಎರಡು ತಿಂಗಳ ಹಿಂದೆಯಷ್ಟೇ ತೀರಿಕೊಂಡಿದ್ದನು. ಅವನ ಟಿಪ್ಪಣಿಗಳು ಕಚೇರಿಯಲ್ಲಿ ಸಿಕ್ಕಿದುವು. ಸುಲಿಗೆಯನ್ನು ಅವನೂ ಕಂಡಿದ್ದನು. ರೆಸಿಡೆಂಟನ ಕಿವಿಗೂ ಹಾಕಿದ್ದನು. ಅವನ ವಿಧವೆಯು ಇನ್ನೂ ಊರನ್ನು ಬಿಟ್ಟಿರಲಿಲ್ಲ. ದೆಮಾಂಗನ ಮನೆಯ ಊಟದಲ್ಲಿ ತನ್ನ ಗಂಡನಿಗೆ ವಿಷವಿಕ್ಕಿದರೆಂಬ ತನ್ನ ಶಂಕೆಯನ್ನು ಆಕೆ ಡೆಕ್ಕರನಿಗೆ ತಿಳಿಸಿದಳು. ವಿಷದ ಮಾತಿಗೆ ಸಾಕ್ಷ್ಯವು ಎಂದೂ ದೊರೆಯಲಿಲ್ಲ. ಆದರೆ ಎಳೆಯ ಮಗುವಿನೊಡನೆ ಅದೇ ಊರಿನಲ್ಲಿ ಸಂಸಾರ ಹೂಡಿದವನ ಮನಸ್ಸಿಗೆ ಆ ಮಾತು ಹೇಗೆ ನಾಟಿರಬೇಕೆಂಬುದನ್ನು ಊಹಿಸಬಹುದು. ಆ ಸಮಯದಲ್ಲಿಯೇ ರೀಜೆಂಟನ ಬಂಧುವಾದ ಚಿಯಾಂಜೂರಿನ ರೀಜೆಂಟನು ಭಾರೀ ಪರಿವಾರದೊಡನೆ ಲೆಬಾಕಿಗೆ ಬರುವ ಸುದ್ದಿ ಬಂದಿತು. ಮತ್ತೆ ಬಿಟ್ಟಿ ಚಾಕರಿ, ಮತ್ತೆ ಕೋಣಗಳ ಬೇಟೆ. ದೂರು ಕೊಡುವವರು ಹಗಲಲ್ಲಿ ಬರಲು ಹೆದರಿ ಕತ್ತಲಲ್ಲಿ ತನ್ನ ಮನೆಯ ಹಿಂಬದಿಯಿಂದ ನುಸುಳಿ ಬರುತ್ತಿದ್ದರೆಂದು ಮುಂದೆ ಅವನು ಬರೆದನು.

ಫೆಬ್ರವರಿ ೨೪ರಂದು, ಎಂದರೆ ಬಂದು ಐದು ವಾರ ತುಂಬುವ ಮೊದಲೇ, ಅವನು ಸೆರಾಂಗಿನಲ್ಲಿದ್ದ ರೆಸಿಡೆಂಟ್ ಬ್ರೆಸ್ಟ್ ಫಾನ್ ಕೆಂಪೆನನಿಗೆ ಅಧಿಕೃತವಾಗಿ ಪತ್ರ ಬರೆದನು. ರೀಜೆಂಟನು ಅಧಿಕಾರವನ್ನು ದುರುಪಯೋಗಪಡಿಸಿದ್ದಾನೆ, ಸುಲಿಗೆಯ ಶಂಕೆಯೂ ಇದೆ. ವಿಚಾರಣೆ ಮುಗಿಯುವ ತನಕ ಅವನನ್ನು ಲೆಬಾಕಿನಿಂದ ಸೆರಾಂಗಿಗೆ ಕರೆಸಿಕೊಳ್ಳಬೇಕು, ಅಳಿಯನನ್ನು ಬಂಧಿಸಬೇಕು ಎಂಬುದು ಅದರ ಸಾರಾಂಶ. ಒಡೆಯನು ಎದುರಿಗೆ ಕುಳಿತಿರುವಾಗ ಒಕ್ಕಲು ಬಾಯಿ ಬಿಡಲಾರನೆಂಬುದು ಡೆಕ್ಕರನ ವಾದ. ನಮ್ಮ ಪಾಳೆಯಗಾರರ ಕಾಲದ ಹಳ್ಳಿಯ ಬಾಳನ್ನು ಬಲ್ಲವರು ಈ ವಾದವನ್ನು ಅಲ್ಲಗಳೆಯಲಾರರು.

ರೆಸಿಡೆಂಟನು ಗಾಬರಿಗೊಂಡು ತಾನೇ ಬಂದನು. ಬ್ರೆಸ್ಟ್ ಫಾನ್ ಕೆಂಪೆನ್ ದುಷ್ಟನಲ್ಲ. ತನ್ನ ಜಿಲ್ಲೆಯಿಂದ ಮೇಲಿನವರಿಗೆ ಕೆಟ್ಟ ಸುದ್ದಿ ಹೋಗಬಾರದೆಂದು ಬಯಸುವ, ಎಲ್ಲ ಸರಕಾರಗಳಲ್ಲಿಯೂ ಹೇರಳವಾಗಿ ದೊರೆಯುವ ಸಾಮಾನ್ಯ ಅಧಿಕಾರಿ. ಪತ್ರವನ್ನು ಹಿಂದಕ್ಕೆ ಪಡೆ ಎಂದನು, ಡೆಕ್ಕರನು ಒಪ್ಪಲಿಲ್ಲ. ಸಾಕ್ಷ್ಯಗಳನ್ನಾದರೂ ತೋರಿಸು ಎಂದನು. ರೀಜೆಂಟನು ಊರಲ್ಲಿರುವ ತನಕ ಸಾಕ್ಷಿಗಳ ಹೆಸರು ಹೇಳೆನೆಂದು ಡೆಕ್ಕರನು ಹಟ ಹಿಡಿದನು. ಇಲ್ಲಿ ಅವನದು ದುಡುಕೆಂದು ಹೇಳುವವರು ಅಂದೂ ಇದ್ದರು, ಇಂದೂ ಇದ್ದಾರೆ. ಮೇಲಧಿಕಾರಿಗೆ ಸಾಕ್ಷ್ಯ ತೋರಿಸದೆ ಒಬ್ಬ ಹಿರಿಯ ಒಡೆಯನನ್ನು ಸ್ಥಾನದಿಂದ ಕದಲಿಸೆಂದರೆ ಯಾವ ಸರಕಾರ ಕೇಳೀತು? ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಾಕ್ಷಿ ಹೇಳಿದ ರೈತನು ಮರುದಿನ ಏನಾಗುವನೆಂಬ ಡೆಕ್ಕರನ ಪ್ರಶ್ನೆಯೂ ಅಷ್ಟೇ ನ್ಯಾಯವಾದದ್ದು. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಕಾಗದಗಳು ಗೌರ್ನರ್ ಜನರಲನ ಬಳಿಗೆ ಹೋದುವು. ಮಾರ್ಚ್ ೨೩ರ ಅವನ ಉತ್ತರದಲ್ಲಿ ಡೆಕ್ಕರನ ನಡತೆಯ ಬಗ್ಗೆ ಅಸಮಾಧಾನವೂ ಪೂರ್ವದ ಙಾವಿ ಎಂಬ ಊರಿಗೆ ವರ್ಗವೂ ಇದ್ದುವು. ಕೆಲಸ ಹೋಗಲಿಲ್ಲ, ಸಂಬಳ ನಿಲ್ಲಲಿಲ್ಲ. ತಲೆ ತಗ್ಗಿಸಿ ಹೊರಟಿದ್ದರೆ ನಾಲ್ಕಾರು ವರ್ಷಗಳಲ್ಲಿ ಎಲ್ಲವೂ ಮರೆಯುತ್ತಿದ್ದಿತು. ಆರನೆಯ ದಿನ, ಮಾರ್ಚ್ ೨೯ರಂದು, ಡೆಕ್ಕರನು ರಾಜೀನಾಮೆಯನ್ನು ಬರೆದನು. ಏಪ್ರಿಲ್ ೪ರಂದು ಅದು ಅಂಗೀಕೃತವಾಯಿತು. ಗೌರ್ನರ್ ಜನರಲನನ್ನು ಕಂಡು ಮುಖಾಮುಖಿ ಹೇಳಿಕೊಳ್ಳಲು ಮಾಡಿದ ಯತ್ನವೂ ಫಲಿಸಲಿಲ್ಲ. ಆ ಮಹಾಶಯನು ಅವಧಿ ಮುಗಿಸಿ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದನು.

ಮುಂದೇನಾಯಿತೆಂಬುದು ಈ ಕಥೆಯಲ್ಲಿ ಬಹಳ ಮುಖ್ಯವಾದ ಸಂಗತಿ. ಡೆಕ್ಕರನು ಹೋದ ಮೇಲೆ ಅದೇ ಬ್ರೆಸ್ಟ್ ಫಾನ್ ಕೆಂಪೆನ್ ಲೆಬಾಕಿನಲ್ಲಿ ವಿಚಾರಣೆ ನಡೆಸಿದನು. ಆಪಾದನೆಗಳಲ್ಲಿ ಬಹುಪಾಲು ನಿಜವೆಂದು ಕಂಡುಬಂದಿತು. ಪರಾಂಗ್ ಕುಜಾಂಗಿನ ದೆಮಾಂಗನು ಕೆಲಸ ಕಳೆದುಕೊಂಡನು. ರೀಜೆಂಟನಿಗೆ ಬುದ್ಧಿವಾದ ಹೇಳಿ ಸ್ಥಾನದಲ್ಲಿಯೇ ಉಳಿಸಿದರು. ನಿಜವನ್ನು ಮೊದಲು ಹೇಳಿದವನನ್ನು ಮರಳಿ ಕರೆಯೋಣವೆಂಬ ಯೋಚನೆ ಮಾತ್ರ ಯಾರಿಗೂ ಹೊಳೆಯಲಿಲ್ಲ.

ಅನಂತರದ ಮೂರು ವರ್ಷಗಳು ದಾರಿದ್ರ್ಯದವು. ೧೮೫೭ರಲ್ಲಿ ಅವನು ಒಬ್ಬನೇ ಯೂರೋಪಿಗೆ ಹೊರಟುಹೋದನು. ಆ ವರ್ಷ ಮಗಳು ಹುಟ್ಟಿದ್ದಳು. ಟೀನೆ ಎರಡು ಮಕ್ಕಳೊಡನೆ ಜಾವಾದಲ್ಲಿ ಮೈದುನನ ಆಸರೆಯಲ್ಲಿ ಉಳಿದಳು. ಜರ್ಮನಿಯ ಜೂಜುಕಟ್ಟೆಗಳಲ್ಲಿ ಚಕ್ರವು ತಿರುಗಿ ತನ್ನ ಸಾಲವೆಲ್ಲ ಒಂದೇ ರಾತ್ರಿಯಲ್ಲಿ ತೀರುವುದೆಂಬ ಭ್ರಮೆಯು ಡೆಕ್ಕರನನ್ನು ಹಿಡಿಯಿತು. ಈ ಭ್ರಮೆ ಅವನನ್ನು ಬಾಳಿನುದ್ದಕ್ಕೂ ಬಿಡಲಿಲ್ಲ. ೧೮೫೯ರ ಶರತ್ಕಾಲದಲ್ಲಿ ಬ್ರಸೆಲ್ಸ್ ನಗರದ ಒಂದು ಅಗ್ಗದ ಛತ್ರದ ಕೋಣೆಯಲ್ಲಿ, ಸುಮಾರು ಒಂದು ತಿಂಗಳಿನಲ್ಲಿ, ಅವನು ಒಂದು ಕಾದಂಬರಿಯನ್ನು ಬರೆದು ಮುಗಿಸಿದನು. ಅದೇ ಮ್ಯಾಕ್ಸ್ ಹವೆಲಾರ್.

ವರದಿಯು ಮಾಡಲಾರದುದನ್ನು ಕಥೆ ಮಾಡಬಲ್ಲುದೆಂಬ ನಂಬಿಕೆ ಈ ಕೃತಿಗೆ ಅಡಿಗಲ್ಲು. ಕಟ್ಟಡವಂತೂ ವಿಲಕ್ಷಣವಾಗಿದೆ. ಆಮ್‌ಸ್ಟರ್‌ಡಾಮಿನ ಕಾಫಿ ದಲ್ಲಾಳಿ ದ್ರೋಗ್‌ಸ್ಟೊಪ್ಪೆಲ್, ಕಥೆ ಕವಿತೆಗಳೆಂದರೆ ಮೂಗು ಮುರಿಯುವ ಜಿಪುಣ, ದರಿದ್ರನಾದ ಹಳೆಯ ಸಹಪಾಠಿಯೊಬ್ಬನು ತಂದುಕೊಟ್ಟ ಕಾಗದದ ಕಟ್ಟಿನಿಂದ ಕಾಫಿಯ ಬಗ್ಗೆ ಪುಸ್ತಕ ಮಾಡಿಸಲು ಹೊರಡುತ್ತಾನೆ. ಬರೆಯಲು ಕುಳಿತ ಜರ್ಮನ್ ತರುಣನ ಲೇಖನಿಯಿಂದ ಹೊರಬರುವುದು ಲೆಬಾಕಿನ ಕಥೆ. ನಡುವೆ ಸೈಜಾ ಮತ್ತು ಅದಿಂಡಾ ಎಂಬ ಹಳ್ಳಿಯ ಹುಡುಗ ಹುಡುಗಿಯರ ವೃತ್ತಾಂತ. ಸೈಜಾನ ತಂದೆಯ ಕೋಣವನ್ನು ಹೋಬಳಿಯ ಒಡೆಯನು ಕಸಿಯುತ್ತಾನೆ. ಪಿತ್ರಾರ್ಜಿತವಾದ ಕಠಾರಿಯನ್ನು ಮಾರಿ ಅವನು ಇನ್ನೊಂದನ್ನು ಕೊಳ್ಳುತ್ತಾನೆ, ಅದೂ ಹೋಗುತ್ತದೆ. ಬೆಳ್ಳಿಯ ಕೊಂಡಿಗಳನ್ನು ಮಾರಿ ಮೂರನೆಯದನ್ನು ಕೊಳ್ಳುತ್ತಾನೆ. ಹುಲಿಯಿಂದ ಹುಡುಗನ ಪ್ರಾಣವನ್ನು ಉಳಿಸಿದ ಆ ಕೋಣವನ್ನೂ ಎಳೆದೊಯ್ಯುತ್ತಾರೆ. ಸೈಜಾ ಬಟೇವಿಯಾದಲ್ಲಿ ಮೂರು ವರ್ಷ ದುಡಿದು, ಮದುವೆಗೆ ಬೇಕಾದ ಹಣವನ್ನು ಕೂಡಿಹಾಕಿ, ಮಾತು ಕೊಟ್ಟ ದಿನ ಮಾತು ಕೊಟ್ಟ ಮರದಡಿ ಬಂದು ಕಾಯುತ್ತಾನೆ. ಅದಿಂಡಾ ಬರುವುದಿಲ್ಲ, ಅವಳ ಮನೆಯವರು ಲಾಂಪುಂಗಿಗೆ ಓಡಿಹೋಗಿದ್ದಾರೆ. ಅಲ್ಲಿ ಡಚ್ ಸೈನ್ಯವು ಸುಟ್ಟ ಹಳ್ಳಿಯಲ್ಲಿ ಅವಳ ಹೆಣವನ್ನು ಕಂಡು, ಸೈಜಾ ಸೈನಿಕರ ಬಂದೂಕಿನ ಈಟಿಗಳಿಗೆ ತಾನಾಗಿ ಎದೆಯೊಡ್ಡುತ್ತಾನೆ. ಉತ್ತು ಉಣ್ಣುವ ನಾಡಿನವರಾದ ನಮಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ. ಕೊನೆಯಲ್ಲಿ ಲೇಖಕನೇ ಮುಂದೆ ಬಂದು, ತಾನು ಸೃಷ್ಟಿಸಿದ ಪಾತ್ರಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಹಾಲೆಂಡಿನ ದೊರೆ ಮೂರನೆಯ ವಿಲಿಯಮನನ್ನೇ ನೇರವಾಗಿ ಪ್ರಶ್ನಿಸುತ್ತಾನೆ.

ಇನ್ನು ಅಭಿಮಾನಿಗಳು ಮರೆಯಬಯಸುವ ಒಂದು ಸಂಗತಿ. ಹಸ್ತಪ್ರತಿಯು ಪ್ರಸಿದ್ಧ ಸಾಹಿತಿ ಯಾಕೋಬ್ ಫಾನ್ ಲೆನ್ನೆಪನ ಕೈ ಸೇರಿದಾಗ, ಪುಸ್ತಕವನ್ನು ಪ್ರಕಟಿಸದಿರುವುದಕ್ಕೆ ಡೆಕ್ಕರನು ಸರಕಾರದ ಮುಂದೆ ಷರತ್ತುಗಳನ್ನಿಟ್ಟನು: ಜಾವಾದಲ್ಲಿ ರೆಸಿಡೆಂಟನ ಹುದ್ದೆ, ನಿವೃತ್ತಿ ವೇತನಕ್ಕೆ ಕಳೆದುಹೋದ ವರ್ಷಗಳ ಗಣನೆ, ಮುಂಗಡ ಹಣ, ಒಂದು ಬಿರುದು. ಮಂತ್ರಿ ರೋಖುಸ್ಸನ್ ಅಮೆರಿಕಾ ಖಂಡದ ಕಡೆಯ ಡಚ್ ವಸಾಹತಿನಲ್ಲಿ ಕೆಲಸ ಕೊಡಲು ಸಿದ್ಧನಿದ್ದನು. ಜಾವಾ ಮಾತ್ರ ಸಾಧ್ಯವಿಲ್ಲವೆಂದನು. ಡೆಕ್ಕರನು ಒಪ್ಪಲಿಲ್ಲ. ಅವನ ಷರತ್ತುಗಳು ಈಡೇರಿದ್ದರೆ ಲೋಕಕ್ಕೆ ಈ ಪುಸ್ತಕವೇ ದೊರೆಯುತ್ತಿರಲಿಲ್ಲ. ಇದನ್ನು ವ್ಯಾಪಾರವೆಂದು ಹಳಿಯುವವರಿದ್ದಾರೆ. ಜಾವಾದ ರೆಸಿಡೆಂಟನಾಗಿ ಹಿಂದಿರುಗುವುದೆಂದರೆ ತನ್ನ ಮಾತೇ ಸರಿಯೆಂದು ಸರಕಾರವು ಒಪ್ಪಿದಂತೆ ಎಂಬುದು ಅವನ ಭಾವನೆಯಾಗಿದ್ದಿತೆಂದು ಸಮರ್ಥಿಸುವವರೂ ಇದ್ದಾರೆ. ನನಗೆ ತೋರುವಂತೆ ಎರಡೂ ನಿಜ. ಹಸಿದ ಹೆಂಡತಿ ಮಕ್ಕಳುಳ್ಳವನ ಮನಸ್ಸಿನಲ್ಲಿ ನ್ಯಾಯವೂ ಅನ್ನವೂ ಬೇರೆ ಬೇರೆ ಪಾತ್ರೆಗಳಲ್ಲಿ ಇರುವುದಿಲ್ಲ.

೧೮೬೦ರ ಮೇ ತಿಂಗಳಿನಲ್ಲಿ ಪುಸ್ತಕವು ಹೊರಬಂದಿತು. ಫಾನ್ ಲೆನ್ನೆಪನು ಉಪಕಾರಿಯೂ ಹೌದು, ಅಪಕಾರಿಯೂ ಹೌದು. ಸ್ಥಳಗಳ ಹೆಸರುಗಳನ್ನೂ ಇಸವಿಗಳನ್ನೂ ಅಳಿಸಿ ಅಲ್ಲಲ್ಲಿ ಚುಕ್ಕೆಗಳನ್ನಿಟ್ಟನು. ಸಾಮಾನ್ಯರ ಕೈಗೆ ಎಟುಕದಂತೆ ಹೆಚ್ಚಿನ ಬೆಲೆಯಿಟ್ಟನು. ಹಣದ ಅಡಚಣೆಯಲ್ಲಿದ್ದ ಡೆಕ್ಕರನಿಂದ ಹಕ್ಕನ್ನು ಮೊದಲೇ ಬರೆಸಿಕೊಂಡಿದ್ದನು. ನ್ಯಾಯಾಲಯದಲ್ಲಿ ಹೋರಾಡಿ ಡೆಕ್ಕರನು ಸೋತನು. ಊರಿಲ್ಲದ, ತಾರೀಖಿಲ್ಲದ ಆಪಾದನೆಯು ಕಟ್ಟುಕಥೆಯಾಗಿಬಿಡುತ್ತದೆಂದು ಅವನ ಸಂಕಟ. ಆದರೂ ಪುಸ್ತಕವು ದೇಶವನ್ನು ನಡುಗಿಸಿತೆಂದು ಪಾರ್ಲಿಮೆಂಟಿನಲ್ಲಿಯೇ ಮಾತು ಕೇಳಿಬಂದಿತು. ಜನ ಓದಿದರು, ಅತ್ತರು, ಶೈಲಿಯನ್ನು ಕೊಂಡಾಡಿದರು. ಈ ಕೊಂಡಾಟವೇ ಅವನಿಗೆ ಮರ್ಮಾಘಾತವಾಯಿತು. ಅವನು ಬೇಡಿದ್ದು ಲೆಬಾಕಿಗೆ ನ್ಯಾಯವನ್ನು, ದೊರೆತದ್ದು ಸಾಹಿತ್ಯದ ಕೀರ್ತಿ. ದೊರೆಯಿಂದ ಉತ್ತರ ಬರಲಿಲ್ಲ.

ಕಡ್ಡಾಯ ಬೆಳೆಯ ಪದ್ಧತಿಯು ೧೮೭೦ರ ಭೂಶಾಸನದೊಡನೆ ಸಡಿಲಿತು. ಕಾಫಿಯ ಕಡ್ಡಾಯವು ಕೆಲವೆಡೆ ೨೦ನೆಯ ಶತಮಾನದವರೆಗೂ ಉಳಿದಿದ್ದಿತು. ಸರಕಾರದ ಜಾಗದಲ್ಲಿ ಖಾಸಗಿ ತೋಟದ ಒಡೆಯರು ಬಂದರು. ಈ ಉದಾರವಾದಿಗಳು ತನ್ನ ಪುಸ್ತಕವನ್ನು ಗುರಾಣಿ ಮಾಡಿಕೊಂಡುದನ್ನು ಕಂಡು ಡೆಕ್ಕರನು ೧೮೬೨ರಲ್ಲಿಯೇ ಅವರ ವಿರುದ್ಧ ಬರೆದನು. ಅವನು ಡಚ್ ಆಳ್ವಿಕೆ ಹೋಗಬೇಕೆಂದವನಲ್ಲ. ಅದು ತನ್ನ ಪ್ರಮಾಣವನ್ನು ಉಳಿಸಿಕೊಳ್ಳಬೇಕೆಂದವನು. ರೀಜೆಂಟನ ಮೇಲೆ ಬೆರಳು ತೋರಿಸಿ, ರೀಜೆಂಟನನ್ನು ಸಾಕಿದ ವ್ಯವಸ್ಥೆಯನ್ನು ಅರ್ಧವಷ್ಟೇ ಕಂಡನೆಂದು ಈಚಿನ ವಿಮರ್ಶಕರು ಆಕ್ಷೇಪಿಸುವುದುಂಟು. ಆಕ್ಷೇಪಣೆಯಲ್ಲಿ ತಥ್ಯವಿದೆ. ಆದರೆ ಕೃತಿಯು ಕರ್ತೃವಿಗಿಂತ ಮುಂದೆ ನಡೆಯಿತು. ಜಾವಾದ ವಿದುಷಿ ಕಾರ್ತಿನಿ ಅದನ್ನು ಓದಿದಳು. ಅವನ ಅಣ್ಣ ಯಾನನ ಮೊಮ್ಮಗ ಅರ್ನೆಸ್ಟ್ ೧೯೧೨ರಲ್ಲಿ ಇಂಡೀಸಿನ ಸ್ವಾತಂತ್ರ್ಯಕ್ಕಾಗಿ ಪಕ್ಷವನ್ನೇ ಕಟ್ಟಿ ಗಡೀಪಾರಾದನು. ಇಂಡೊನೇಷಿಯಾದ ಕಾದಂಬರಿಕಾರ ಪ್ರಮುದ್ಯ ಅನಂತ ತೂರ್ ೧೯೯೯ರಲ್ಲಿ ಬರೆದ ಲೇಖನದಲ್ಲಿ ವಸಾಹತುಶಾಹಿಯನ್ನು ಕೊಂದ ಕೀರ್ತಿಯನ್ನು ಈ ಪುಸ್ತಕಕ್ಕೇ ಸಲ್ಲಿಸಿದನು. ೨೦೧೮ರಲ್ಲಿ ರಂಕಸ್‌ಬಿಟುಂಗಿನಲ್ಲಿ ಮುಲ್ತಾತುಲಿಯ ಹೆಸರಿನ ವಸ್ತುಸಂಗ್ರಹಾಲಯವು ಬಾಗಿಲು ತೆರೆಯಿತು. ಅವನು ಆ ಊರಿನಲ್ಲಿ ಇದ್ದುದು ಮೂರು ತಿಂಗಳು.

ಡೆಕ್ಕರನು ಮುಂದೆ ಅನೇಕ ಸಂಪುಟಗಳನ್ನು ಬರೆದನು, ಉಪನ್ಯಾಸಗಳನ್ನು ಕೊಟ್ಟನು, ಧರ್ಮವನ್ನೂ ರಾಜಕೀಯವನ್ನೂ ಕೆಣಕಿದನು. ೧೮೭೭ರ ಅನಂತರ ಲೇಖನಿಯನ್ನು ಕೆಳಗಿಟ್ಟನು. ಕೊನೆಯ ವರ್ಷಗಳನ್ನು ಜರ್ಮನಿಯ ರೈನ್ ನದಿಯ ಬಳಿಯ ನೀಡರ್ ಇಂಗಲ್‌ಹೈಮಿನಲ್ಲಿ ಕಳೆದು, ೧೮೮೭ರ ಫೆಬ್ರವರಿ ೧೯ರಂದು ತೀರಿಕೊಂಡನು. ಗೋಥಾ ನಗರದಲ್ಲಿ ಅವನ ದೇಹವನ್ನು ದಹನ ಮಾಡಿದರು.

ಹೊತ್ತದ್ದು ಬಹಳ ಎಂಬ ಹೆಸರು ಅವನಿಗಿಂತ ಟೀನೆಗೆ ಹೆಚ್ಚು ಒಪ್ಪುತ್ತಿದ್ದಿತೇನೋ. ರಾಜೀನಾಮೆಯ ದಿನ ಗಂಡನನ್ನು ತಡೆಯದಿದ್ದವಳು ಆಕೆ. ಮ್ಯಾಕ್ಸ್ ಹವೆಲಾರ್ ಪ್ರಕಟವಾದ ಮೇಲೂ ಮನೆಯಲ್ಲಿ ಹಣವಿರಲಿಲ್ಲ; ಗಂಡನ ಮನಸ್ಸು ಮಿಮಿ ಎಂಬ ತರುಣಿಯ ಕಡೆ ತಿರುಗಿದ್ದಿತು. ಟೀನೆ ಮಕ್ಕಳನ್ನು ಕರೆದುಕೊಂಡು ಇಟಲಿಗೆ ಹೋಗಿ ೧೮೭೪ರಲ್ಲಿ ವೆನಿಸ್ ನಗರದಲ್ಲಿ ತೀರಿಕೊಂಡಳು. ಮರುವರ್ಷ ಡೆಕ್ಕರನು ಮಿಮಿಯನ್ನು ವಿವಾಹವಾದನು. ಅದೇ ೧೮೭೫ರಲ್ಲಿ, ಮತ್ತೆ ೧೮೮೧ರಲ್ಲಿ, ಮ್ಯಾಕ್ಸ್ ಹವೆಲಾರಿನ ಹೊಸ ಮುದ್ರಣಗಳನ್ನು ತಾನೇ ತಿದ್ದುವ ಅವಕಾಶ ಅವನಿಗೆ ದೊರೆಯಿತು. ಫಾನ್ ಲೆನ್ನೆಪನು ಚುಕ್ಕೆಯಿಟ್ಟಲ್ಲೆಲ್ಲ ಊರುಗಳ ಹೆಸರುಗಳು ಮರಳಿ ಬಂದುವು: ಲೆಬಾಕ್, ಸೆರಾಂಗ್, ಪರಾಂಗ್ ಕುಜಾಂಗ್. ಮೊದಲ ಮುದ್ರಣದ ಅರ್ಪಣೆಯಲ್ಲಿ ಹೆಂಡತಿಯ ಹೆಸರಿನ ಮೊದಲಕ್ಷರಗಳಷ್ಟೇ ಇದ್ದುವು. ಅವನು ತಿದ್ದಿದ ಪುಸ್ತಕದ ಅರ್ಪಣೆಯ ಪುಟದಲ್ಲಿ, ಆಕೆಯ ಪುಣ್ಯಸ್ಮರಣೆಗೆಂದು, ಎವರ್‌ದೀನ್ ಫಾನ್ ವೈನ್‌ಬರ್ಗನ್ ಎಂಬ ಹೆಸರು ಪೂರ್ತಿಯಾಗಿ ಅಚ್ಚಾಗಿದೆ.